ಐದರಲ್ಲೊಂದು ಪಾಲು: ದಾನಮ್ಮ ಪ್ರಕರಣದ ತಾರೀಖುಗಳು ಮತ್ತು ಲೆಕ್ಕ

ಪಾಲಿನ ದಾವೆ ಕೈಗೆತ್ತಿಕೊಂಡ ಅನುಭವಿ ವಕೀಲರು ಮೊದಲು ತಾರೀಖುಗಳನ್ನು ಬರೆದುಕೊಳ್ಳುತ್ತಾರೆ, ಆಸ್ತಿಯ ಷೆಡ್ಯೂಲು (ಪಟ್ಟಿ) ಆಮೇಲೆ. ತಂದೆ ತೀರಿಕೊಂಡದ್ದು ಯಾವಾಗ, ದಾವೆ ಹಾಕಿದ್ದು ಯಾವಾಗ, ಡಿಕ್ರಿ (ಪಾಲು ನಿರ್ಧರಿಸುವ ಕೋರ್ಟಿನ ಆದೇಶ) ಆದದ್ದು ಯಾವಾಗ, ಕಾಯ್ದೆ ಬದಲಾದದ್ದು ಯಾವಾಗ? ಹೆಣ್ಣುಮಕ್ಕಳ ಪಾಲು ಸೊನ್ನೆಯೋ, ಇಪ್ಪತ್ತರಲ್ಲೊಂದೋ, ಐದರಲ್ಲೊಂದೋ ಎಂಬುದನ್ನು ಈ ನಾಲ್ಕು ಉತ್ತರಗಳೇ ತೀರ್ಮಾನಿಸಿದ ಒಂದು ಪ್ರಕರಣ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕಾನೂನು ವರದಿಗಳಲ್ಲಿ ಅದರ ಹೆಸರು ‘ದಾನಮ್ಮ ಅಲಿಯಾಸ್ ಸುಮನ್ ಸುರಪುರ ವಿರುದ್ಧ ಅಮರ್’. ತೀರ್ಪು ಬಂದದ್ದು 2018ರ ಫೆಬ್ರುವರಿ 1ರಂದು.

ಮನೆಯ ಯಜಮಾನ 2001ರಲ್ಲಿ ತೀರಿಕೊಂಡರು. ಹಿಂದೆ ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. 2002ರ ಜುಲೈ 1ರಂದು ಮೊಮ್ಮಗ, ಅಂದರೆ ಒಬ್ಬ ಮಗನ ಮಗ, ಪಾಲು ಕೇಳಿ ದಾವೆ ಹೂಡಿದ. ಹೆಣ್ಣುಮಕ್ಕಳಿಬ್ಬರೂ ಅದರಲ್ಲಿ ಪ್ರತಿವಾದಿಗಳು. ಅತ್ತೆಯರಿಗೆ ಪಾಲಿಲ್ಲ ಎನ್ನುವುದಕ್ಕೆ ಮೊಮ್ಮಗ ಕೊಟ್ಟ ಕಾರಣ ಎರಡು. ಅವರು ಹುಟ್ಟಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೂ ಮೊದಲು, ಹಾಗಾಗಿ ಸಹದಾಯಾದಿಗಳಲ್ಲ, ಅಂದರೆ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕುಳ್ಳವರಲ್ಲ. ಮದುವೆಯಲ್ಲಿ ಬಂಗಾರ, ಹಣ ಪಡೆದಿದ್ದಾರೆ, ಹಾಗಾಗಿ ಪಾಲು ಬಿಟ್ಟುಕೊಟ್ಟಂತೆಯೇ. ವಿಚಾರಣಾ ನ್ಯಾಯಾಲಯ 2007ರ ಆಗಸ್ಟ್ 9ರಂದು ಡಿಕ್ರಿ ಕೊಟ್ಟಿತು. ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಮೂರರಲ್ಲಿ ಒಂದೊಂದು. ಮಗನ ಆ ಮೂರರಲ್ಲೊಂದನ್ನು ಅವನು, ಅವನ ಹೆಂಡತಿ, ಮಗ, ಇಬ್ಬರು ಹೆಣ್ಣುಮಕ್ಕಳಿಗೆ ಹಂಚಿದಾಗ ಮೊಮ್ಮಗನಿಗೆ ಹದಿನೈದರಲ್ಲೊಂದು. ಯಜಮಾನನ ಹೆಣ್ಣುಮಕ್ಕಳಿಬ್ಬರಿಗೆ ಏನೂ ಇಲ್ಲ. 2005ರಲ್ಲಿ ಕಾಯ್ದೆ ತಿದ್ದುಪಡಿಯಾಗಿದೆ ಎಂದು ಹೆಣ್ಣುಮಕ್ಕಳು ಎತ್ತಿದ ಪರ್ಯಾಯ ವಾದವೂ ನಿಲ್ಲಲಿಲ್ಲ. 2012ರ ಜನವರಿ 25ರಂದು ಕರ್ನಾಟಕ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಈ ಎರಡು ತೀರ್ಪುಗಳಲ್ಲಿ ಎದ್ದು ಕಾಣುವ ವಿಚಿತ್ರವೊಂದಿದೆ. ಹೆಣ್ಣುಮಕ್ಕಳಿಗೆ ಸೊನ್ನೆ ಎನ್ನುವುದು 2005ರ ತಿದ್ದುಪಡಿ ಬಾರದೇ ಇದ್ದಿದ್ದರೂ ತಪ್ಪಾಗುತ್ತಿತ್ತು. ಅದು ಹೇಗೆಂದು ತಿಳಿಯಲು 1956ಕ್ಕೆ ಹೋಗಬೇಕು.

ಹಳೆಯ 6ನೇ ಕಲಂ

ಗಂಡುಮಗ ಹುಟ್ಟಿದ ಕ್ಷಣದಲ್ಲೇ ಕುಟುಂಬದ ಆಸ್ತಿಗೆ ಒಡೆಯನಾಗುತ್ತಾನೆ ಎಂಬ ಜನ್ಮಸ್ವತ್ವದ ಸಿದ್ಧಾಂತವನ್ನು ಗಟ್ಟಿಯಾಗಿ ಊರಿದವನು ಮಿತಾಕ್ಷರ ಬರೆದ ವಿಜ್ಞಾನೇಶ್ವರ. ಅವನಿದ್ದದ್ದು ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಬಂಗಾಳ, ಅಸ್ಸಾಮಿನ ಕಡೆ ದಾಯಭಾಗ ಎಂಬ ಬೇರೆ ಪದ್ಧತಿ ನಡೆಯುತ್ತಿತ್ತು; ಉಳಿದ ದೇಶದ ಬಹುಪಾಲು ಕಲ್ಯಾಣದಲ್ಲಿ ಬರೆದ ಈ ವ್ಯಾಖ್ಯಾನವನ್ನೇ ಕಾನೂನಾಗಿ ಒಪ್ಪಿಕೊಂಡಿತು. ಬೆಳಗಾವಿ, ಬಾಗಲಕೋಟೆ, ಕಲಬುರಗಿಯ ಕಡತಗಳು ಇಂದಿಗೂ ದೆಹಲಿಯಲ್ಲಿ ಚರ್ಚೆಯಾಗುವಾಗ ಒಂದು ಸುತ್ತು ತಿರುಗಿ ಬಂದಂತೆ ಅನಿಸುತ್ತದೆ.

1956ರ ಜೂನ್ 17ರಂದು ಜಾರಿಗೆ ಬಂದ ಕಾಯ್ದೆ ಈ ಸಹದಾಯಾದಿ ಪದ್ಧತಿಯನ್ನು ಹಾಗೆಯೇ ಉಳಿಸಿತು. ಸಹದಾಯಾದಿ ಸತ್ತರೆ ಅವನ ಪಾಲು ಬದುಕುಳಿದ ಸಹದಾಯಾದಿಗಳಿಗೆ ಸೇರುತ್ತದೆ ಎಂಬುದು 6ನೇ ಕಲಮಿನ ಮೂಲ ನಿಯಮ. ಆದರೆ ಅದಕ್ಕೊಂದು ಪರಂತುಕ (ಅಪವಾದ ಹೇಳುವ ಷರತ್ತು) ಇತ್ತು. ಸತ್ತವನಿಗೆ ಮೊದಲ ವರ್ಗದ ಹೆಣ್ಣು ವಾರಸುದಾರರಿದ್ದರೆ, ಅಂದರೆ ಹೆಂಡತಿ, ಮಗಳು, ತಾಯಿ ಮುಂತಾದವರಿದ್ದರೆ, ಆ ಪಾಲು ಬದುಕುಳಿದ ಗಂಡಸರಿಗೆ ಹೋಗದೆ ಎಲ್ಲ ವಾರಸುದಾರರಿಗೂ ಹೋಗುತ್ತದೆ. ಸತ್ತವನ ಪಾಲು ಎಷ್ಟು ಎಂದು ತಿಳಿಯಲು ಸಾವಿಗೆ ತುಸು ಮುಂಚೆ ವಿಭಾಗ ಆಯಿತೆಂದು ಭಾವಿಸಿಕೊಳ್ಳಬೇಕು. ಇದೇ ಕಾಲ್ಪನಿಕ ವಿಭಾಗ. 1978ರ ಗುರುಪಾದ ಖಂಡಪ್ಪ ಮಗದುಮ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಇದರ ಲೆಕ್ಕವನ್ನು ಮಾಡಿ ತೋರಿಸಿದರು: ವಿಧವೆಗೆ ಆ ಕಾಲ್ಪನಿಕ ವಿಭಾಗದಲ್ಲಿ ಬರುವ ನಾಲ್ಕರಲ್ಲೊಂದು, ಗಂಡನ ನಾಲ್ಕರಲ್ಲೊಂದರಲ್ಲಿ ಆರನೇ ಒಂದು ಭಾಗ, ಒಟ್ಟು 24ರಲ್ಲಿ 7.

ದಾನಮ್ಮ ಪ್ರಕರಣಕ್ಕೆ ಇದನ್ನು ಹಚ್ಚಿ ನೋಡೋಣ. ಲೆಕ್ಕಕ್ಕೆ ಅನುಕೂಲವಾಗಲೆಂದು ಜಮೀನು 20 ಎಕರೆ ಎಂದಿಟ್ಟುಕೊಳ್ಳೋಣ (ಇದು ಕಡತದ ಅಂಕಿಯಲ್ಲ). 2001ರ ಸಾವಿಗೆ ಮುಂಚೆ ವಿಭಾಗವಾಗಿದ್ದರೆ ತಂದೆ, ಹೆಂಡತಿ, ಇಬ್ಬರು ಗಂಡುಮಕ್ಕಳು, ಹೀಗೆ ನಾಲ್ಕು ಪಾಲು, ತಲಾ 5 ಎಕರೆ. ಗಂಡ ಮತ್ತು ಗಂಡುಮಕ್ಕಳ ನಡುವೆ ವಿಭಾಗವಾದರೆ ಹೆಂಡತಿಗೂ ಸಮಪಾಲು ಎಂಬುದು ಮುಂಬಯಿ ಶಾಖೆಯ ಮಿತಾಕ್ಷರದ ರೂಢಿ. ಮದ್ರಾಸಿನ ಕಡೆ ಅದು ಬಳಕೆ ತಪ್ಪಿತ್ತು. ಇನ್ನು ತಂದೆಯ 5 ಎಕರೆ ಐವರು ವಾರಸುದಾರರಿಗೆ ತಲಾ 1 ಎಕರೆ. ಹೆಣ್ಣುಮಕ್ಕಳಿಗೆ ಒಂದೊಂದು ಎಕರೆ, ಉಳಿದ ಮೂವರಿಗೆ ಆರಾರು. ಅಂದರೆ 1956ರ ಕಾಯ್ದೆಯ ಮೂಲರೂಪದಲ್ಲೇ ಅವರಿಬ್ಬರಿಗೆ ಇಪ್ಪತ್ತರಲ್ಲಿ ಒಂದೊಂದು ಪಾಲಿತ್ತು. ಅವರು 1956ಕ್ಕೂ ಮೊದಲು ಹುಟ್ಟಿದ್ದು ಈ ಲೆಕ್ಕಕ್ಕೆ ಸಂಬಂಧವೇ ಇಲ್ಲ, ಏಕೆಂದರೆ ವಾರಸು ತೆರೆದುಕೊಳ್ಳುವುದು ತಂದೆ ಸತ್ತ ದಿನ, ಮಗಳು ಹುಟ್ಟಿದ ದಿನ ಅಲ್ಲ. ಸಹದಾಯಾದಿಯಲ್ಲ ಎಂದರೆ ವಾರಸುದಾರಳೇ ಅಲ್ಲ ಎಂದು ಭಾವಿಸುವ ಈ ಗೊಂದಲ ಜಿಲ್ಲಾ ಕೋರ್ಟುಗಳಲ್ಲಿ ಅಪರೂಪವೇನಲ್ಲ. ಎರಡು ಹಕ್ಕುಗಳು ಬೇರೆ ಬೇರೆ: ಒಂದು ಹುಟ್ಟಿನಿಂದ, ಇನ್ನೊಂದು ಸಾವಿನಿಂದ.

ಕರ್ನಾಟಕದ 1994

ಹಳೆ ಮೈಸೂರು 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಮಾಡಿ, ವಿಭಾಗದ ಸಮಯದಲ್ಲಿ ತಾಯಿ, ಹೆಂಡತಿ, ಮದುವೆಯಾಗದ ಮಗಳಿಗೆ ಒಂದಿಷ್ಟು ಭಾಗ ಕೊಡಿಸಿತ್ತು. ಆಮೇಲೆ ಆಂಧ್ರ, ತಮಿಳುನಾಡು, ಮಹಾರಾಷ್ಟ್ರ ತಮ್ಮ ತಮ್ಮ ತಿದ್ದುಪಡಿ ತಂದವು. ಕೇರಳ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಮಾಡಿತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಅದು ಸೇರಿಸಿದ 6ಎ ಕಲಂ ಮಗಳನ್ನು ಮಗನಂತೆಯೇ ಹುಟ್ಟಿನಿಂದ ಸಹದಾಯಾದಿ ಮಾಡಿತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದ ಮಗಳನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ 1993ರಲ್ಲಿ ಮದುವೆಯಾದ ಅಕ್ಕನಿಗೆ ಪಾಲಿಲ್ಲ, 1995ರಲ್ಲಿ ಮದುವೆಯಾದ ತಂಗಿಗೆ ಪಾಲಿದೆ. ಹತ್ತು ವರ್ಷಕ್ಕೂ ಮೀರಿ ಕರ್ನಾಟಕದ ಪಾಲಿನ ದಾವೆಗಳಲ್ಲಿ ಲಗ್ನಪತ್ರಿಕೆ ಮುಖ್ಯ ಸಾಕ್ಷ್ಯವಾಗಿದ್ದದ್ದು ಇದೇ ಕಾರಣಕ್ಕೆ.

2005ರ ಪದಗಳು

ಕೇಂದ್ರದ ತಿದ್ದುಪಡಿ ಕಾಯ್ದೆ, 2005ರ 39ನೇ ಕಾಯ್ದೆ, ಅದೇ ವರ್ಷ ಸೆಪ್ಟೆಂಬರ್ 9ರಂದು ಜಾರಿಯಾಯಿತು. ಇಡೀ 6ನೇ ಕಲಮನ್ನು ತೆಗೆದು ಹೊಸದಾಗಿ ಬರೆಯಲಾಯಿತು. ಜಾರಿಯಾದ ದಿನದಿಂದ ಸಹದಾಯಾದಿಯ ಮಗಳು ಮಗನಂತೆಯೇ ಹುಟ್ಟಿನಿಂದ, ತನ್ನ ಸ್ವಂತ ಹಕ್ಕಿನಿಂದ ಸಹದಾಯಾದಿ. ಮದುವೆಯ ಷರತ್ತು ಇಲ್ಲ. ಹಕ್ಕಿನ ಜೊತೆ ಹೊಣೆಯೂ ಅಷ್ಟೇ. ಬದುಕುಳಿದವರಿಗೆ ಪಾಲು ಸೇರುವ ಪದ್ಧತಿ ಮುಂದಿನ ಸಾವುಗಳಿಗೆ ಅನ್ವಯಿಸದು. ಅಜ್ಜ, ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ನೆಲೆಯಲ್ಲಿ ಹೊಸ ಸಾಲಗಳಿಗೆ ಮೊಮ್ಮಕ್ಕಳ ಮೇಲೆ ವಸೂಲಿಗೆ ಹೋಗುವಂತಿಲ್ಲ. ವಾಸದ ಮನೆಯನ್ನು ಗಂಡು ವಾರಸುದಾರರು ಹಂಚಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂದಿದ್ದ 23ನೇ ಕಲಂ ರದ್ದಾಯಿತು.

ಇದರಲ್ಲಿ ಇನ್ನೊಂದು ತಾರೀಖು ಅಡಗಿದೆ: 2004ರ ಡಿಸೆಂಬರ್ 20. ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದ ದಿನ ಅದು. ಅದಕ್ಕೂ ಮೊದಲು ಆದ ಮಾರಾಟ, ಪರಭಾರೆ, ಮರಣಶಾಸನ, ವಿಭಾಗ ಯಾವುದನ್ನೂ ಹೊಸ ಕಲಂ ಮುಟ್ಟುವುದಿಲ್ಲ. ಮಸೂದೆ ಬಂತೆಂದು ತಿಳಿದು ಕಾಯ್ದೆಯಾಗುವಷ್ಟರಲ್ಲಿ ಗಡಿಬಿಡಿಯಲ್ಲಿ ಮಾಡುವ ವಿಭಾಗಗಳನ್ನು ತಡೆಯಲು ಗೆರೆಯನ್ನು ಹಿಂದಕ್ಕೆ ಎಳೆದದ್ದು ಜಾಣತನವೇ. ವಿಭಾಗ ಎಂದರೇನು ಎಂಬುದನ್ನೂ 6(5)ರ ವಿವರಣೆ ಬಿಗಿಮಾಡಿತು: ನೋಂದಾಯಿತ ವಿಭಾಗ ಪತ್ರ, ಇಲ್ಲವೇ ನ್ಯಾಯಾಲಯದ ಡಿಕ್ರಿ.

ಆದರೆ ‘ಜಾರಿಯಾದ ದಿನದಿಂದ’ ಮತ್ತು ‘ಹುಟ್ಟಿನಿಂದ’ ಎಂಬ ಎರಡು ಮಾತು ಒಂದೇ ವಾಕ್ಯದಲ್ಲಿ ಕೂತದ್ದು ಹದಿನೈದು ವರ್ಷದ ವ್ಯಾಜ್ಯಕ್ಕೆ ದಾರಿಯಾಯಿತು. ಆ ದಿನ ತಂದೆ ಬದುಕಿರಬೇಕೇ? ಕಾಯ್ದೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಎರಡು ಪೀಠ, ಎರಡು ದಾರಿ

ಮೊದಲ ಉತ್ತರವೂ ಕರ್ನಾಟಕದ ಕಡತದಿಂದಲೇ ಬಂತು. ‘ಪ್ರಕಾಶ್ ವಿರುದ್ಧ ಫೂಲವತಿ’ ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ ದಾವೆ. ತಂದೆ ತೀರಿಕೊಂಡದ್ದು 1988ರಲ್ಲಿ. ದಾವೆ ಬಾಕಿಯಿರುವಾಗ ಕಾಯ್ದೆ ಬದಲಾಗಿದೆ, ಹಾಗಾಗಿ ಮಗಳಿಗೆ ಅದರ ಲಾಭ ಸಿಗಬೇಕು ಎಂದು ಹೈಕೋರ್ಟ್ ಹೇಳಿತ್ತು. 2015ರ ಅಕ್ಟೋಬರ್ 16ರಂದು ನ್ಯಾಯಮೂರ್ತಿಗಳಾದ ಅನಿಲ್ ದವೆ ಮತ್ತು ಆದರ್ಶ್ ಕುಮಾರ್ ಗೋಯಲ್ ಅವರ ಪೀಠ ಅದನ್ನು ಬದಿಗೆ ಸರಿಸಿತು. 2005ರ ಸೆಪ್ಟೆಂಬರ್ 9ರಂದು ತಂದೆಯೂ ಮಗಳೂ ಇಬ್ಬರೂ ಬದುಕಿರಬೇಕು. ತಂದೆ ಮೊದಲೇ ತೀರಿಕೊಂಡಿದ್ದರೆ ಅವನು ಆಗ ಸಹದಾಯಾದಿಯೇ ಅಲ್ಲ, ಅವಳು ಸಹದಾಯಾದಿಯ ಮಗಳೂ ಅಲ್ಲ.

ಅಂದಿನಿಂದ ಪ್ರತಿವಾದಿ ಅಣ್ಣತಮ್ಮಂದಿರ ಮೊದಲ ದಾಖಲೆ ತಂದೆಯ ಮರಣ ಪ್ರಮಾಣಪತ್ರವಾಯಿತು. ಸಾವು 2005ರ ಆಗಸ್ಟಿನಲ್ಲಾದರೆ ಮಗಳಿಗೆ ಹುಟ್ಟಿನ ಹಕ್ಕಿಲ್ಲ, ಅಕ್ಟೋಬರಿನಲ್ಲಾದರೆ ಇದೆ.

ಆ ಅಲೆಯ ನಡುವೆ ದಾನಮ್ಮ ಪ್ರಕರಣ ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಮುಂದೆ ಬಂತು. ತಂದೆ ತೀರಿಕೊಂಡದ್ದು 2001. ಫೂಲವತಿಯ ಅಳತೆಗೋಲಿನಲ್ಲಿ ಹೆಣ್ಣುಮಕ್ಕಳು ಸೋಲಬೇಕಿತ್ತು. ಪೀಠ ಫೂಲವತಿ ತೀರ್ಪನ್ನು ತಳ್ಳಿಹಾಕಲೂ ಇಲ್ಲ. ದಾವೆ 2002ರದು, ಅದು ಬಾಕಿಯಿರುವಾಗ ಕಾಯ್ದೆ ತಿದ್ದುಪಡಿಯಾಯಿತು, ಡಿಕ್ರಿ ಆದದ್ದು 2007ರಲ್ಲಿ. ಹಾಗಾಗಿ ಅವರ ಹಕ್ಕು 2005ರಲ್ಲೇ ಗಟ್ಟಿಯಾಯಿತು, ಅದನ್ನು ಕೆಳಗಿನ ಎರಡೂ ಕೋರ್ಟುಗಳು ಗಮನಿಸಬೇಕಿತ್ತು ಎಂದಿತು. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಐವರಿಗೂ ಐದರಲ್ಲಿ ಒಂದೊಂದು. ವಾದಿಯ ತಂದೆಯ ಐದರಲ್ಲೊಂದು ಮತ್ತೆ ಐದು ಭಾಗವಾಗಿ ಮೊಮ್ಮಗನಿಗೆ 25ರಲ್ಲಿ ಒಂದು.

ನಮ್ಮ 20 ಎಕರೆಯಲ್ಲಿ ಇದು ಹೀಗೆ ಕಾಣುತ್ತದೆ. ಹೆಣ್ಣುಮಗಳು ಸೊನ್ನೆಯಿಂದ 4 ಎಕರೆಗೆ ಏರಿದಳು. ಗಂಡುಮಗ 6 ಎಕರೆ 26 ಗುಂಟೆಯ ಆಸುಪಾಸಿನಿಂದ 4ಕ್ಕೆ ಇಳಿದ. ದಾವೆ ಹೂಡಿದ ಮೊಮ್ಮಗ 1 ಎಕರೆ 13 ಗುಂಟೆಯಿಂದ 32 ಗುಂಟೆಗೆ ಬಂದ. ಹೆಚ್ಚು ಸಿಗಲೆಂದು ಹೋದ ವಾದಿಯೇ ಕಡಿಮೆ ತೆಗೆದುಕೊಂಡು ಬರುವುದು ಪಾಲಿನ ದಾವೆಯಲ್ಲಿ ಮಾತ್ರ ಸಾಧ್ಯ. ಇಲ್ಲಿ ಪ್ರತಿವಾದಿಯೂ ಒಂದರ್ಥದಲ್ಲಿ ವಾದಿಯೇ: ಶುಲ್ಕ ಕಟ್ಟಿ ತನ್ನ ಪಾಲನ್ನೂ ಬೇರ್ಪಡಿಸಿ ಕೊಡಿ ಎಂದು ಕೇಳಬಹುದು. ಪ್ರತಿವಾದಿ ಸ್ಥಾನದಲ್ಲಿದ್ದ ಹೆಣ್ಣುಮಕ್ಕಳು ಸುಪ್ರೀಂ ಕೋರ್ಟಿನವರೆಗೆ ಹೋಗಿ ಪಾಲು ಪಡೆದದ್ದು ಹಾಗೆ.

ಐದರಲ್ಲೊಂದು ಸರಿಯೇ?

ಬೇರೆ ದಾರಿಯಲ್ಲಿ ಪರಿಶೀಲಿಸಬಹುದು. 2001ರಲ್ಲಿ ತಂದೆಯ 5 ಎಕರೆ ಪರಂತುಕದ ಪ್ರಕಾರ ಐವರಿಗೆ ತಲಾ ಒಂದು ಎಕರೆ ಹೋಯಿತು. ಉಳಿದ 15 ಎಕರೆ ನಿಜವಾಗಿ ಹಂಚಿಕೆಯಾಗದೆ ಕುಟುಂಬದ ಆಸ್ತಿಯಾಗಿಯೇ ಉಳಿಯಿತು. 2005ರಲ್ಲಿ ಹೆಣ್ಣುಮಕ್ಕಳು ಅದರೊಳಗೆ ಬಂದರು. ಈಗ ಇಬ್ಬರು ಗಂಡು, ಇಬ್ಬರು ಹೆಣ್ಣು, ತಾಯಿ, ಐವರಿಗೆ ತಲಾ 3 ಎಕರೆ. ಮೂರಕ್ಕೆ ಒಂದು ಸೇರಿಸಿದರೆ ನಾಲ್ಕು. ಉತ್ತರ ಅದೇ.

ವ್ಯತ್ಯಾಸ ಬರುವುದು ಮೊಮ್ಮಗನ ಲೆಕ್ಕದಲ್ಲಿ. ಅವನ ತಂದೆಯ 4 ಎಕರೆಯಲ್ಲಿ 3 ಮಾತ್ರ ಹುಟ್ಟಿನ ಹಕ್ಕಿನದು. 1 ಎಕರೆ ತಾತನ ಸಾವಿನಿಂದ, ವಾರಸಿನ ನಿಯಮ ಹೇಳುವ 8ನೇ ಕಲಮಿನ ಪ್ರಕಾರ ಬಂದದ್ದು. 1986ರ ಚಂದರ್ ಸೇನ್ ತೀರ್ಪಿನ ಪ್ರಕಾರ ಹೀಗೆ ವಾರಸಿನಿಂದ ಬಂದದ್ದು ಪಡೆದವನ ಸ್ವಂತ ಆಸ್ತಿ, ಅದರಲ್ಲಿ ಅವನ ಮಕ್ಕಳಿಗೆ ಹುಟ್ಟಿನ ಹಕ್ಕಿಲ್ಲ. ಆ ಕಟ್ಟುನಿಟ್ಟಿನಲ್ಲಿ 3 ಎಕರೆಯನ್ನಷ್ಟೇ ಐದು ಮಾಡಬೇಕು. ಮೊಮ್ಮಗನಿಗೆ 32 ಗುಂಟೆ ಅಲ್ಲ, 24 ಗುಂಟೆ. ದಾನಮ್ಮ ತೀರ್ಪು ಐದರಲ್ಲೊಂದನ್ನು ಇಡಿಯಾಗಿ ಐದು ಭಾಗ ಮಾಡಿತು. ಇಂದು ಇಂಥದೇ ಕಡತ ಹಿಡಿದವರು ಈ ಎರಡು ತುಂಡುಗಳನ್ನು ದಾವಾ ಅರ್ಜಿಯಲ್ಲೇ ಬೇರೆ ಬೇರೆ ತೋರಿಸುವುದು ಒಳ್ಳೆಯದು. ‘ತಾತನ ಆಸ್ತಿ, ಹಾಗಾಗಿ ಮೊಮ್ಮಗನಿಗೆ ಹುಟ್ಟಿನಿಂದ ಪಾಲು’ ಎಂಬ ಮಾತು ಊರ ಕಟ್ಟೆಯಲ್ಲಿ ಎಷ್ಟು ಗಟ್ಟಿಯೋ ಕೋರ್ಟಿನಲ್ಲಿ ಅಷ್ಟು ಗಟ್ಟಿಯಲ್ಲ. ತಾತನ ಸ್ವಯಾರ್ಜಿತವಾಗಿದ್ದು, ತಾತ 1956ರ ನಂತರ ತೀರಿಕೊಂಡಿದ್ದರೆ, ಅಪ್ಪನ ಕೈಗೆ ಬಂದಾಗ ಅದು ಅಪ್ಪನ ಸ್ವಂತದ್ದೇ.

2020: ಮೂವರ ಪೀಠ

ಫೂಲವತಿ ಒಂದು ಕಡೆ, ದಾನಮ್ಮ ಇನ್ನೊಂದು ಕಡೆ. ಎರಡೂ ಇಬ್ಬರು ನ್ಯಾಯಮೂರ್ತಿಗಳ ತೀರ್ಪು. ಹೈಕೋರ್ಟುಗಳು ಕಂಡಕಂಡದ್ದನ್ನು ಹಿಡಿದವು. ದೆಹಲಿ ಹೈಕೋರ್ಟ್ 2018ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಈ ತಿಕ್ಕಾಟವನ್ನು ಗುರುತಿಸಿ, ಮೇಲ್ಮನವಿಗೆ ಯೋಗ್ಯವೆಂಬ ಪ್ರಮಾಣಪತ್ರ ಕೊಟ್ಟು ಸುಪ್ರೀಂ ಕೋರ್ಟಿಗೆ ದಾರಿ ಮಾಡಿತು. 2020ರ ಆಗಸ್ಟ್ 11ರಂದು ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ, ಎಸ್. ಅಬ್ದುಲ್ ನಜೀರ್, ಎಂ.ಆರ್. ಶಾ ಅವರ ಪೀಠ ಉತ್ತರ ಹೇಳಿತು.

ಪತ್ರಿಕೆಗಳು ಎತ್ತಿ ಹಿಡಿದದ್ದು ಮಗಳು ಎಂದೆಂದಿಗೂ ಮಗಳೇ ಎಂಬ ಧಾಟಿಯ ಭಾವುಕ ವಾಕ್ಯವನ್ನು. ಕಚೇರಿಯಲ್ಲಿ ಕೆಲಸಕ್ಕೆ ಬರುವುದು ತೀರ್ಪಿನ ಕೊನೆಯ ಭಾಗದ ಉತ್ತರಗಳು. ತಿದ್ದುಪಡಿಗೆ ಮೊದಲು ಹುಟ್ಟಿದ ಮಗಳೂ ನಂತರ ಹುಟ್ಟಿದವಳೂ ಒಂದೇ. ಹಕ್ಕು ಹುಟ್ಟಿನಿಂದ ಬರುವುದರಿಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಾಗಿಲ್ಲ. ಕಾಲ್ಪನಿಕ ವಿಭಾಗ ಸತ್ತವನ ಪಾಲು ಅಳೆಯುವ ಸಾಧನ ಅಷ್ಟೇ, ಅದರಿಂದ ಕುಟುಂಬ ಒಡೆಯುವುದಿಲ್ಲ. ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಎಂಬ ತೀರ್ಮಾನ) ಆಗಿದ್ದರೂ ಅಂತಿಮ ಡಿಕ್ರಿ (ಆ ಪಾಲನ್ನು ನೆಲದ ಮೇಲೆ ಬೇರ್ಪಡಿಸುವ ಆದೇಶ) ಆಗುವ ಮೊದಲು, ಅಥವಾ ಮೇಲ್ಮನವಿ ಬಾಕಿಯಿರುವಾಗ, ಹೆಣ್ಣುಮಕ್ಕಳಿಗೆ ಮಗನ ಸಮ ಪಾಲು ಕೊಡಬೇಕು. ಫೂಲವತಿ ತೀರ್ಪು ರದ್ದಾಯಿತು. ದಾನಮ್ಮ ತೀರ್ಪಿನ ಫಲ ಉಳಿಯಿತು, ಅದರೊಳಗೆ ಫೂಲವತಿಯ ಮಾತಿಗೆ ತಲೆಬಾಗಿದ ಭಾಗ ಹೋಯಿತು. ತಿದ್ದುಪಡಿ ಪೂರ್ವಾನ್ವಯವೂ ಅಲ್ಲ, ಬರಿಯ ಮುಂದಿನದೂ ಅಲ್ಲ. ಹಿಂದೆ ನಡೆದ ಹುಟ್ಟನ್ನು ಆಧರಿಸಿ ಮುಂದಕ್ಕೆ ಕೆಲಸ ಮಾಡುವಂಥದು ಎಂಬುದು ಪೀಠದ ವಿವರಣೆ. ಕಾಯ್ದೆಯ ವಾಕ್ಯದಲ್ಲಿದ್ದ ‘ಹುಟ್ಟಿನಿಂದ’ ಎಂಬ ಪದವನ್ನು ಇದ್ದಂತೆ ಓದಲು ಹದಿನೈದು ವರ್ಷ ಬೇಕಾಯಿತು.

ಕೈತಪ್ಪುವ ಜಾಗಗಳು

ಈಗ ವಾದ ಹೆಚ್ಚಾಗಿ ‘ಮೊದಲೇ ಪಾಲಾಗಿದೆ’ ಎಂಬಲ್ಲಿಗೆ ಬಂದು ನಿಂತಿದೆ. ಉತ್ತರ ಕರ್ನಾಟಕದಲ್ಲಿ ಬಾಯಿಮಾತಿನ ವಾಟ್ನಿ (ಪಾಲು), ದಕ್ಷಿಣದಲ್ಲಿ ಪಂಚಾಯಿತಿದಾರರ ಸಹಿಯ ಪಾಲುಪಟ್ಟಿ. ವಿನೀತಾ ಶರ್ಮಾ ತೀರ್ಪಿನಂತೆ ಬಾಯಿಮಾತಿನ ಸಾಕ್ಷ್ಯ ಒಂದೇ ಇದ್ದರೆ ಅದನ್ನು ತಳ್ಳಿಹಾಕಬೇಕು. ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದು, ಡಿಕ್ರಿಯಿಂದ ಆದಷ್ಟೇ ಖಚಿತವಾಗಿ ವಿಭಾಗ ಕಾಣುತ್ತಿದ್ದರೆ ಮಾತ್ರ ಅಪವಾದ. ಹಾಗೆಂದರೆ ಪಹಣಿಯಲ್ಲಿ ಹೆಸರು ಬೇರೆ ಬೇರೆ ಇದ್ದರೆ ಸಾಕೇ? ಅದೊಂದೇ ಸಾಲದು. ಭೂ ಕಂದಾಯ ಕಾಯ್ದೆಯ 133ನೇ ಕಲಂ ಪಹಣಿ ನಮೂದು ನಿಜವೆಂದು ಊಹಿಸಲು ಹೇಳುತ್ತದೆ, ಆದರೆ ಸುಳ್ಳೆಂದು ತೋರಿಸುವವರೆಗೆ ಮಾತ್ರ. ಪಹಣಿ ಒಡೆತನದ ಪತ್ರ ಅಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ಪೋಡಿ (ಸರ್ವೆ ನಂಬರಿನ ವಿಭಜನೆ) ಆಗಿ ಹಿಸ್ಸಾ ನಂಬರು ಬೇರೆಯಾಗಿದ್ದು, ಒಬ್ಬೊಬ್ಬರೂ ಬೇರೆ ಬೇರೆ ಬ್ಯಾಂಕ್ ಸಾಲ ಎತ್ತಿ, ಕಂದಾಯ ಬೇರೆ ಕಟ್ಟಿ, ತಮ್ಮ ತುಂಡನ್ನು ನೋಂದಾಯಿತ ಪತ್ರದಿಂದ ಮಾರಿದ್ದರೆ ಅಣ್ಣತಮ್ಮಂದಿರಿಗೆ ವಾದಿಸಲು ಒಂದು ನೆಲೆ ಸಿಗುತ್ತದೆ.

ಪೌತಿ ಖಾತೆಯದು (ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಇನ್ನೊಂದು ಕಥೆ. ತಂದೆ ಸತ್ತ ಮೇಲೆ ಅಣ್ಣ ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರೇ ಇರುವುದಿಲ್ಲ, ಇಲ್ಲವೇ ‘ನಮ್ಮ ತಕರಾರಿಲ್ಲ’ ಎಂಬ ಒಪ್ಪಿಗೆ ಪತ್ರ ಲಗತ್ತಾಗಿರುತ್ತದೆ. ಮ್ಯುಟೇಶನ್ (ಖಾತೆ ಬದಲಾವಣೆ) ಆಯಿತೆಂದು ಪಾಲು ಹೋಗುವುದಿಲ್ಲ. ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡಬೇಕಾದರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಛಾಪಾ ಕಾಗದದ ಮೇಲಿನ ನೋಟರಿ ಸಹಿಯಿಂದ ಆಗದು. ಮದುವೆಯ ಬಂಗಾರದ ವಾದಕ್ಕೂ ಇದೇ ಉತ್ತರ. ಆದರೆ ನೋಂದಾಯಿತ ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದ ಮೇಲೆ ‘ಓದದೇ ಹಾಕಿದೆ’ ಎಂದರೆ ಅದನ್ನು ರದ್ದುಪಡಿಸುವ ಹೊರೆ ಪೂರ್ತಿ ಅವಳ ಮೇಲೆ ಬೀಳುತ್ತದೆ, ಅವಧಿಯೂ ಮೋಸ ತಿಳಿದ ದಿನದಿಂದ 3 ವರ್ಷ ಮಾತ್ರ.

ಮಾರಾಟವಾದ ಜಮೀನಿನ ಬಗ್ಗೆ ಆಸೆ ಹುಟ್ಟಿಸುವ ಮೊದಲು ಋಣಭಾರ ಪತ್ರ ತೆಗೆಸಬೇಕು. 2004ರ ಡಿಸೆಂಬರ್ 20ಕ್ಕೆ ಮೊದಲಿನ ಕ್ರಯಪತ್ರವನ್ನು ಮಗಳು ಸಹದಾಯಾದಿ ಎಂಬ ನೆಲೆಯಲ್ಲಿ ಪ್ರಶ್ನಿಸುವಂತಿಲ್ಲ. ಅದರ ನಂತರದ ಮಾರಾಟವೂ ತಾನಾಗಿ ಬಿದ್ದುಹೋಗುವುದಿಲ್ಲ: ಕುಟುಂಬದ ಅಗತ್ಯಕ್ಕಾಗಿ ಯಜಮಾನ ಮಾರುವ ಅಧಿಕಾರ ಇಂದಿಗೂ ಇದೆ, ಅದು ಮಗನನ್ನು ಕಟ್ಟಿಹಾಕುವಂತೆಯೇ ಮಗಳನ್ನೂ ಕಟ್ಟಿಹಾಕುತ್ತದೆ. ದಾವೆ ನಡೆಯುವಾಗ ಮಾರಿದರೆ ಕೊಂಡವನು ದಾವೆಯ ಫಲಕ್ಕೆ ಬದ್ಧ. ತಂದೆ ತನ್ನ ಪಾಲಿಗೆ ಮರಣಶಾಸನ ಬರೆದಿದ್ದರೆ ಆ ತುಂಡು ಅದರಂತೆ ಹೋಗುತ್ತದೆ. ಮಗಳ ಸ್ವಂತ ಹುಟ್ಟಿನ ಪಾಲನ್ನು ಅದು ಮುಟ್ಟದು.

ಷೆಡ್ಯೂಲಿನಲ್ಲಿ ಒಂದೇ ಒಂದು ಒಳ್ಳೆಯ ಜಮೀನು ತೋರಿಸಿ ದಾವೆ ಹಾಕುವುದು ತೀರಾ ಸಾಮಾನ್ಯವಾದ ತಪ್ಪು. ಕುಟುಂಬದ ಎಲ್ಲ ಆಸ್ತಿಯೂ, ಎಲ್ಲ ಪಾಲುದಾರರೂ ಒಳಗೆ ಬರಬೇಕು, ಇಲ್ಲದಿದ್ದರೆ ಭಾಗಶಃ ವಿಭಾಗದ ದಾವೆ ಎಂದು ವಜಾ ಆಗಬಹುದು. ಕುಟುಂಬದ ಆಸ್ತಿಯಿಂದ ಹೊರದೂಡಲಾಗಿದೆ ಎಂದು ಸ್ಪಷ್ಟವಾಗಿ ತಿಳಿದ ಮೇಲೆ 12 ವರ್ಷ ಸುಮ್ಮನಿದ್ದರೆ ಅವಧಿ ಕಾಯ್ದೆಯ 110ನೇ ವಿಧಿ ಅಡ್ಡಬರುತ್ತದೆ. ‘ನನ್ನ ಪಾಲು ಕೇಳಿದೆ, ಕೊಡುವುದಿಲ್ಲ ಎಂದರು’ ಎಂದು ಹಳೆಯ ತಾರೀಖಿನೊಂದಿಗೆ ನೋಟಿಸಿನಲ್ಲಿ ಬರೆಯುವಾಗ ಇದು ನೆನಪಿರಲಿ.

ಮೊದಲೇ ಪ್ರಾಥಮಿಕ ಡಿಕ್ರಿ ಆಗಿ ಮಗಳಿಗೆ ಕಡಿಮೆ ಸಿಕ್ಕಿದ್ದರೆ ಹೊಸ ದಾವೆ ಬೇಡ. ಅಂತಿಮ ಡಿಕ್ರಿಯ ಅರ್ಜಿ ಬಾಕಿಯಿರುವಾಗಲೇ ಪಾಲು ತಿದ್ದಲು ಅರ್ಜಿ ಕೊಡಬೇಕು. ಆಂಧ್ರದ ಗಂಡೂರಿ ಕೋಟೇಶ್ವರಮ್ಮ ಪ್ರಕರಣದಲ್ಲಿ 1999ರ ಪ್ರಾಥಮಿಕ ಡಿಕ್ರಿಯನ್ನು 2005ರ ತಿದ್ದುಪಡಿಗೆ ತಕ್ಕಂತೆ ಬದಲಿಸಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಒಂದು ಸಮುದಾಯ ಈ ಎಲ್ಲ ಲೆಕ್ಕದ ಹೊರಗಿದೆ. ಕಾಯ್ದೆಯ 2(2)ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರಿಗೆ ಇದು ಅನ್ವಯಿಸದು. 2022ರ ಡಿಸೆಂಬರಿನಲ್ಲಿ ಕಮಲಾ ನೇತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮರುಪರಿಶೀಲಿಸುವಂತೆ ಕೇಂದ್ರಕ್ಕೆ ಹೇಳಿತು. ಹೀಗಾಗಿ ಕಕ್ಷಿದಾರರ ಜಾತಿ ಪ್ರಮಾಣಪತ್ರವನ್ನು ಮೊದಲ ದಿನವೇ ನೋಡಬೇಕು.

ಡಿಕ್ರಿ ಕೈಗೆ ಬಂದ ಮೇಲೆ

ಐದರಲ್ಲೊಂದು ಎಂಬುದು ಕಾಗದದ ಮೇಲಿನ ಭಿನ್ನರಾಶಿ. ಅದನ್ನು ಕಲ್ಲು ನೆಟ್ಟ ನೆಲವಾಗಿಸುವುದು ಅಂತಿಮ ಡಿಕ್ರಿಯ ಹಂತ. ಕಂದಾಯ ಕಟ್ಟುವ ಜಮೀನಾದರೆ ಹಂಚಿಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ನಡೆಯುತ್ತದೆ. ಮನೆ, ನಿವೇಶನಕ್ಕೆ ಕೋರ್ಟು ಕಮಿಷನರನ್ನು ನೇಮಿಸುತ್ತದೆ. ಕಮಿಷನರು ಬಂದ ದಿನ ಬೋರ್‌ವೆಲ್, ಬಾವಿ, ತೋಟದ ಮರ, ದಾರಿ ಯಾರ ತುಂಡಿನಲ್ಲಿ ಬೀಳುತ್ತವೆ ಎಂದು ನೋಡದೆ ಗುಂಟೆ ಮಾತ್ರ ಎಣಿಸಿದವರು ಆಮೇಲೆ ಆಕ್ಷೇಪಣೆ ಸಲ್ಲಿಸುತ್ತಾ ವರ್ಷಗಳನ್ನು ಕಳೆಯುತ್ತಾರೆ. ನಾಲ್ಕು ಎಕರೆ ನೀರಿಲ್ಲದ ಮರಡಿಯೂ ನಾಲ್ಕು ಎಕರೆಯೇ. ಒಂದೇ ಮನೆ ಐದು ಭಾಗವಾಗದಿದ್ದರೆ 1893ರ ವಿಭಾಗ ಕಾಯ್ದೆಯಡಿ ಮಾರಾಟಕ್ಕೆ ಕೇಳಬಹುದು, ಉಳಿದ ಪಾಲುದಾರರು ಕೋರ್ಟು ನಿಗದಿಪಡಿಸಿದ ಬೆಲೆಗೆ ಕೊಳ್ಳಬಹುದು.

ಅಂತಿಮ ಡಿಕ್ರಿಗೆ ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2009ರ ಶುಭಕರಣ್ ಬುಬ್ನಾ ತೀರ್ಪು ಹೇಳುತ್ತದೆ. ಪ್ರಾಥಮಿಕ ಡಿಕ್ರಿಯಾದ ಮೇಲೆ ಕಡತ ಮುಚ್ಚದೆ ಕೋರ್ಟು ತಾನಾಗಿಯೇ ಅಂತಿಮ ಹಂತಕ್ಕೆ ಒಯ್ಯಬೇಕು ಎಂದು 2022ರಲ್ಲಿ ಕಟ್ಟುಕಂಡಿ ಎಡತ್ತಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿತು. ಈ ಸಡಿಲಿಕೆಯನ್ನೇ ಅಮಲ್ಜಾರಿಗೂ (ಡಿಕ್ರಿಯನ್ನು ಜಾರಿ ಮಾಡಿಸುವುದಕ್ಕೂ) ಎಳೆದುಕೊಂಡವರು ಮೋಸಹೋಗುತ್ತಾರೆ. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಬೇಕು, ಅಲ್ಲಿಯವರೆಗೆ ಜಾರಿ ಮಾಡಿಸಲಾಗದು. ಆದರೆ ಜಾರಿಗೆ ಇರುವ 12 ವರ್ಷದ ಗಡುವು ಛಾಪಾ ಕಾಗದ ಕೊಟ್ಟ ದಿನದಿಂದ ಶುರುವಾಗುವುದಿಲ್ಲ, 2005ರ ಚಿರಂಜಿಲಾಲ್ ತೀರ್ಪಿನಂತೆ ಡಿಕ್ರಿ ಆದ ದಿನದಿಂದಲೇ ಓಡುತ್ತದೆ.